ಒಂದೇ ಮೈ, ಎರಡು ದುಡಿಮೆ

2018ರ ಏಪ್ರಿಲ್ 16ರ ಬಾಸ್ಟನ್ ಮ್ಯಾರಥಾನ್ ಓಟಗಾರರ ನೆನಪಿನಲ್ಲಿ ಉಳಿದಿರುವುದು ಅಂದಿನ ಕೆಟ್ಟ ಹವೆಯಿಂದಾಗಿ. ಉಷ್ಣಾಂಶ ಮೂರು-ನಾಲ್ಕು ಡಿಗ್ರಿ ಸೆಲ್ಸಿಯಸ್ಸಿನ ಆಸುಪಾಸು. ಬಿಡದೆ ಹೊಯ್ಯುವ ಮಳೆ, ಎದುರಿನಿಂದ ನುಗ್ಗುವ ಗಾಳಿ. ಹೆಸರಾಂತ ಓಟಗಾರರು ಒಬ್ಬೊಬ್ಬರಾಗಿ ನಡುಗುತ್ತ ಓಟ ಬಿಟ್ಟು ಪಕ್ಕಕ್ಕೆ ಸರಿದರು. ಹಿಂದಿನ ವರ್ಷ ಗೆದ್ದಿದ್ದ ಕೆನ್ಯಾದ ಜೆಫ್ರಿ ಕಿರುಯಿ ಬಹಳ ಹೊತ್ತು ಮುಂದಿದ್ದರು. ಕೊನೆಯ ಕೆಲವೇ ಕಿಲೊಮೀಟರು ಉಳಿದಿರುವಾಗ ಅವರನ್ನು ಹಿಂದೆ ಹಾಕಿ, 2 ಗಂಟೆ 15 ನಿಮಿಷ 58 ಸೆಕೆಂಡಿಗೆ ಗುರಿ ಮುಟ್ಟಿದವರು ಜಪಾನಿನ ಯುಕಿ ಕವಾವುಚಿ. ಪುರುಷರ ವಿಭಾಗದಲ್ಲಿ 1987ರ ನಂತರ ಜಪಾನಿಗೆ ಸಿಕ್ಕ ಮೊದಲ ಬಾಸ್ಟನ್ ಗೆಲುವು ಅದು.

ಕವಾವುಚಿ ಆಗ ವೃತ್ತಿಪರ ಓಟಗಾರರಲ್ಲ. ಟೋಕಿಯೊಗೆ ಉತ್ತರದಲ್ಲಿರುವ ಸೈತಾಮ ಪ್ರಾಂತ್ಯದ ಸರಕಾರಿ ನೌಕರ. ಪ್ರೌಢಶಾಲೆಯ ಕಚೇರಿಯಲ್ಲಿ ಕಡತ ನೋಡುವ ಕೆಲಸ, ತಿಂಗಳ ಸಂಬಳ. ಅದೇ ದಿನ ಮಹಿಳೆಯರ ವಿಭಾಗದಲ್ಲಿ ಡೆಸಿರೀ ಲಿಂಡೆನ್ ಗೆದ್ದರು. ಅವರ ಹಿಂದೆ 2 ಗಂಟೆ 44 ನಿಮಿಷ 4 ಸೆಕೆಂಡಿಗೆ ಎರಡನೆಯವರಾಗಿ ಬಂದ ಸಾರಾ ಸೆಲ್ಲರ್ಸ್ ಅರಿಜೋನಾದ ಆಸ್ಪತ್ರೆಯಲ್ಲಿ ಅರಿವಳಿಕೆ ಕೊಡುವ ನರ್ಸ್. ಅವರ ಬದುಕಿನ ಎರಡನೆಯ ಮ್ಯಾರಥಾನ್ ಅದು. ಪಾಳಿಗೆ ಮುಂಚೆ ನಸುಕಿನ ನಾಲ್ಕಕ್ಕೆ, ಇಲ್ಲವೇ ಪಾಳಿ ಮುಗಿಸಿ ಸಂಜೆ ಏಳಕ್ಕೆ ಅವರ ತಾಲೀಮು. ತಾನು ಎರಡನೆಯವಳು ಎಂದು ತಿಳಿದಾಗ ಅವರಿಗೇ ನಂಬಿಕೆ ಬರಲಿಲ್ಲ.

ಪತ್ರಿಕೆಗಳು ಇದನ್ನು ಛಲದ ಕತೆಯಾಗಿ ಬರೆದವು. ಛಲ ಇದ್ದದ್ದು ನಿಜ. ಆದರೆ ಛಲವೊಂದರಿಂದ ಯಾರೂ ನಲವತ್ತೆರಡು ಕಿಲೊಮೀಟರನ್ನು ಆ ವೇಗದಲ್ಲಿ ಓಡಲಾರರು. ದಿನಕ್ಕೆ ಎಂಟು-ಹತ್ತು ಗಂಟೆ ಸಂಬಳಕ್ಕಾಗಿ ದುಡಿದ ದೇಹ ಉಳಿದ ಹೊತ್ತಿನಲ್ಲಿ ಇಂಥ ದಮ್ಮನ್ನು ಹೇಗೆ ಕಟ್ಟಿಕೊಳ್ಳುತ್ತದೆ? ಎಲ್ಲಿಯವರೆಗೆ ಕಟ್ಟಿಕೊಳ್ಳಬಲ್ಲದು, ಎಲ್ಲಿ ಸೋಲುತ್ತದೆ? ಕೆಲಸವನ್ನೂ ಕ್ರೀಡೆಯನ್ನೂ ಒಟ್ಟಿಗೆ ನಡೆಸುವ ಯಾರನ್ನು ಕೇಳಿದರೂ “ಟೈಮ್ ಸಾಲುವುದಿಲ್ಲ” ಎನ್ನುತ್ತಾರೆ. ಕಳೆದ ಐವತ್ತು-ಅರವತ್ತು ವರ್ಷಗಳ ಶರೀರವಿಜ್ಞಾನ ಹೇಳುವುದು ಬೇರೆ. ಅವರಿಗೆ ಮೊದಲು ಖಾಲಿಯಾಗುವುದು ಸಮಯವಲ್ಲ, ಚೇತರಿಕೆ.

ದಮ್ಮು ಹುಟ್ಟುವ ಹೊತ್ತು

1967ರಲ್ಲಿ ಅಮೆರಿಕದ ಸೇಂಟ್ ಲೂಯಿಸ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದ ಜಾನ್ ಹಾಲಸ್ಜಿ ಒಂದು ಪ್ರಯೋಗ ಪ್ರಕಟಿಸಿದರು. ಅವರು ಇಲಿಗಳನ್ನು ಟ್ರೆಡ್‌ಮಿಲ್ ಮೇಲೆ ವಾರಗಟ್ಟಲೆ ಓಡಿಸಿ, ಆಮೇಲೆ ಕಾಲಿನ ಸ್ನಾಯುವನ್ನು ಪರೀಕ್ಷಿಸಿದ್ದರು. ಆಮ್ಲಜನಕ ಬಳಸಿ ಶಕ್ತಿ ಉತ್ಪಾದಿಸುವ ಮೈಟೊಕಾಂಡ್ರಿಯಗಳ ಕಿಣ್ವಗಳು ಸುಮಾರು ಇಮ್ಮಡಿಯಾಗಿದ್ದವು. ಅಲ್ಲಿಯವರೆಗೆ ದಮ್ಮು ಎಂದರೆ ಹೃದಯ, ಶ್ವಾಸಕೋಶಗಳ ಸಂಗತಿ ಎಂಬ ಎಣಿಕೆಯಿತ್ತು. ಸ್ನಾಯುವಿನ ಒಳಗೂ ಹೊಸದಾಗಿ ಕಟ್ಟುವ ಕೆಲಸ ನಡೆಯುತ್ತದೆ ಎಂಬುದು ಹಾಲಸ್ಜಿಯವರ ಇಲಿಗಳಿಂದ ಗೊತ್ತಾಯಿತು.

ಈಗ ನಮಗೆ ಇನ್ನಷ್ಟು ತಿಳಿದಿದೆ. ನಿಯತವಾಗಿ ಓಡುವವರ, ಸೈಕಲ್ ತುಳಿಯುವವರ, ಈಜುವವರ ರಕ್ತದ ಪ್ರಮಾಣ ಹೆಚ್ಚುತ್ತದೆ. ಹೃದಯ ಒಂದೊಂದು ಬಡಿತಕ್ಕೂ ಹೆಚ್ಚು ರಕ್ತ ಚಿಮ್ಮಿಸುತ್ತದೆ. ಸ್ನಾಯುವಿನ ಎಳೆಗಳ ಸುತ್ತ ಹೊಸ ಲೋಮನಾಳಗಳು ಹಬ್ಬುತ್ತವೆ. ಮೈಟೊಕಾಂಡ್ರಿಯಗಳು ಹೆಚ್ಚುತ್ತವೆ. ಕೊಬ್ಬನ್ನು ಉರಿಸುವ ಕಸುವು ಬೆಳೆದು, ಸ್ನಾಯುವಿನಲ್ಲಿ ಕೂಡಿಟ್ಟ ಸಕ್ಕರೆಯಾದ ಗ್ಲೈಕೋಜೆನ್ ಬೇಗ ತೀರದೆ ಉಳಿಯುತ್ತದೆ. ಇವೆಲ್ಲ ಸೇರಿದಾಗ ದೇಹ ನಿಮಿಷಕ್ಕೆ ಬಳಸಬಲ್ಲ ಗರಿಷ್ಠ ಆಮ್ಲಜನಕದ ಪ್ರಮಾಣ ಏರುತ್ತದೆ. ಓಟಗಾರರು ಇದನ್ನೇ ‘ವಿಓ2 ಮ್ಯಾಕ್ಸ್’ ಎನ್ನುತ್ತಾರೆ.

ಇಲ್ಲಿ ಗಮನಿಸಬೇಕಾದ ಮಾತೊಂದಿದೆ. ಇವುಗಳಲ್ಲಿ ಯಾವುದೂ ಓಡುತ್ತಿರುವ ಹೊತ್ತಿನಲ್ಲಿ ಆಗುವುದಿಲ್ಲ. ಓಟ ಕೊಡುವುದು ಸೂಚನೆಯನ್ನು ಮಾತ್ರ. ಸ್ನಾಯುಕೋಶದಲ್ಲಿ ಶಕ್ತಿಯ ದಾಸ್ತಾನು ತಗ್ಗಿದಾಗ, ಕ್ಯಾಲ್ಸಿಯಂ ಏರಿಳಿದಾಗ ಕೆಲವು ಪ್ರೋಟೀನುಗಳು ಎಚ್ಚೆತ್ತು, ಮೈಟೊಕಾಂಡ್ರಿಯ ಕಟ್ಟುವ ಜೀನುಗಳಿಗೆ ಚಾಲನೆ ಕೊಡುತ್ತವೆ. ಆ ಜೀನುಗಳ ಚಟುವಟಿಕೆ ಹೆಚ್ಚುವುದು ಓಟ ಮುಗಿದ ಮುಂದಿನ ಗಂಟೆಗಳಲ್ಲಿ. ಬರಿದಾದ ಗ್ಲೈಕೋಜೆನ್ ತುಂಬಲು, ಸಾಕಷ್ಟು ಉಂಡರೂ, ಹೆಚ್ಚುಕಡಿಮೆ ಒಂದು ಇಡೀ ದಿನ ಹಿಡಿಯುತ್ತದೆ. ಸ್ನಾಯುವಿನ ಸಣ್ಣಪುಟ್ಟ ಹರುಕು ಮಾಗಲು ಎರಡು-ಮೂರು ದಿನ. ಓಟಗಾರ ಬೂಟು ಬಿಚ್ಚಿಟ್ಟ ಮೇಲೆ ದಮ್ಮು ಬೆಳೆಯತೊಡಗುತ್ತದೆ. ಆ ಹೊತ್ತಿಗೆ ಆತ ಕಚೇರಿಯಲ್ಲಿರುತ್ತಾನೆ. ದುಡಿಯುವ ಕ್ರೀಡಾಪಟುವಿನ ಸಮಸ್ಯೆಯೆಲ್ಲ ಇರುವುದು ಇಲ್ಲೇ.

ಎಷ್ಟು ತಾಲೀಮು ಸಾಕು?

1980ರ ದಶಕದ ಮೊದಲ ವರ್ಷಗಳಲ್ಲಿ ರಾಬರ್ಟ್ ಹಿಕ್ಸನ್ ಮತ್ತು ಅವರ ಸಂಗಡಿಗರು ಸರಣಿ ಪ್ರಯೋಗಗಳನ್ನು ಮಾಡಿದರು. ಕೆಲಸದ ಒತ್ತಡದಲ್ಲಿ ತಾಲೀಮು ತಪ್ಪಿಸಿಕೊಳ್ಳುವವರಿಗೆ ಇಂದಿಗೂ ಇವುಗಳಷ್ಟು ಸಮಾಧಾನ ಕೊಡುವ ಅಧ್ಯಯನಗಳು ಕಡಿಮೆ. ಮೊದಲು ಹತ್ತು ವಾರ, ವಾರಕ್ಕೆ ಆರು ದಿನ, ದಿನಕ್ಕೆ 40 ನಿಮಿಷ ಕಠಿಣ ತರಬೇತಿ. ಭಾಗವಹಿಸಿದವರ ವಿಓ2 ಮ್ಯಾಕ್ಸ್ ಚೆನ್ನಾಗಿ ಏರಿತು. ಆಮೇಲೆ ಹದಿನೈದು ವಾರ ತಾಲೀಮನ್ನು ಕಡಿತಗೊಳಿಸಿದರು, ಪ್ರತಿ ಪ್ರಯೋಗದಲ್ಲೂ ಒಂದೊಂದು ಬಗೆಯಲ್ಲಿ.

ವಾರಕ್ಕೆ ಆರು ದಿನದ ಬದಲು ನಾಲ್ಕೇ ದಿನ, ಅಥವಾ ಎರಡೇ ದಿನ ಮಾಡಿದರೂ, ಬಿರುಸನ್ನು ಬಿಡದಿದ್ದರೆ ವಿಓ2 ಮ್ಯಾಕ್ಸ್ ಇಳಿಯಲಿಲ್ಲ. ದಿನಕ್ಕೆ 40 ನಿಮಿಷದ ಬದಲು 26 ನಿಮಿಷ, ಅಥವಾ 13 ನಿಮಿಷ ಮಾಡಿದಾಗಲೂ ಅದು ಉಳಿಯಿತು; 13 ನಿಮಿಷದವರಿಗೆ ದೀರ್ಘ ಹೊತ್ತಿನ ತಾಳಿಕೆ ಮಾತ್ರ ತಗ್ಗಿತು. ಆದರೆ ದಿನವನ್ನೂ ನಿಮಿಷವನ್ನೂ ಹಾಗೇ ಇಟ್ಟು ಬಿರುಸನ್ನು ಕಡಿಮೆ ಮಾಡಿದಾಗ, ಗಳಿಸಿದ್ದು ಕರಗತೊಡಗಿತು. ಇದರಿಂದ ತಿಳಿಯುವುದಿಷ್ಟು. ದಮ್ಮನ್ನು ಕಟ್ಟಲು ಹೆಚ್ಚು ತಾಲೀಮು ಬೇಕು, ಕಟ್ಟಿದ್ದನ್ನು ಕಾಯಲು ಅದಕ್ಕಿಂತ ಬಹಳ ಕಡಿಮೆ ಸಾಕು. ವರ್ಷಾಂತ್ಯದ ಲೆಕ್ಕಪತ್ರವೋ, ಪರೀಕ್ಷೆಯ ಮೌಲ್ಯಮಾಪನವೋ, ಪ್ರಾಜೆಕ್ಟಿನ ಕೊನೆಯ ಗಡುವೋ ಎದುರಾದ ವಾರಗಳಲ್ಲಿ ವಾರಕ್ಕೆ ಎರಡು ಚುರುಕಾದ ಓಟ ಓಡಿದರೆ ತಿಂಗಳುಗಟ್ಟಲೆ ಗಳಿಸಿದ್ದು ಕೈತಪ್ಪದು.

ಕೆನಡಾದ ಮ್ಯಾಕ್‌ಮಾಸ್ಟರ್ ವಿಶ್ವವಿದ್ಯಾಲಯದ ಮಾರ್ಟಿನ್ ಗಿಬಾಲಾ ಅವರ ತಂಡ 2016ರಲ್ಲಿ ಇನ್ನೂ ಮುಂದೆ ಹೋಯಿತು. ಹೆಚ್ಚು ಚಟುವಟಿಕೆಯಿಲ್ಲದ ಗಂಡಸರ ಒಂದು ಗುಂಪಿಗೆ ವಾರಕ್ಕೆ ಮೂರು ಸಲ 45 ನಿಮಿಷದ ಸಾಧಾರಣ ಸೈಕಲ್ ತುಳಿತ. ಇನ್ನೊಂದು ಗುಂಪಿಗೆ ಒಟ್ಟು ಹತ್ತೇ ನಿಮಿಷದ ತಾಲೀಮು, ಅದರೊಳಗೆ ಮೂರು ಸಲ 20 ಸೆಕೆಂಡು ಇದ್ದ ಶಕ್ತಿಯನ್ನೆಲ್ಲ ಹಾಕಿ ತುಳಿಯುವುದು. ಹನ್ನೆರಡು ವಾರಗಳ ಕೊನೆಗೆ ಎರಡೂ ಗುಂಪುಗಳ ಗರಿಷ್ಠ ಆಮ್ಲಜನಕ ಬಳಕೆ ಶೇ 19ರಷ್ಟು ಏರಿತ್ತು.

ಇದನ್ನು ಓದಿ ಹತ್ತು ನಿಮಿಷದ ತಾಲೀಮಿನಿಂದ ಮ್ಯಾರಥಾನ್ ಗೆಲ್ಲಬಹುದೆಂದು ಭಾವಿಸಬಾರದು. ಹೊಸಬರ ದೇಹ ಯಾವ ಸೂಚನೆಗೂ ಬೇಗ ಓಗೊಡುತ್ತದೆ. ಮೇಲ್ಮಟ್ಟದವರ ಕತೆ ಬೇರೆ. ನಾರ್ವೆಯಲ್ಲಿ ನೆಲೆಸಿದ ಅಮೆರಿಕನ್ ಶರೀರವಿಜ್ಞಾನಿ ಸ್ಟೀಫನ್ ಸೈಲರ್ ಹುಟ್ಟುದೋಣಿ, ಸ್ಕೀ, ಸೈಕಲ್, ಓಟಗಳ ಅಗ್ರ ಕ್ರೀಡಾಪಟುಗಳ ತರಬೇತಿಯ ದಿನಚರಿಗಳನ್ನು ಪರಿಶೀಲಿಸಿದಾಗ ಎಲ್ಲೆಡೆ ಹೆಚ್ಚುಕಡಿಮೆ ಒಂದೇ ವಿನ್ಯಾಸ ಕಂಡಿತು. ತಾಲೀಮಿನ ಹತ್ತರಲ್ಲಿ ಎಂಟು ಪಾಲು, ಪಕ್ಕದವರೊಡನೆ ಮಾತಾಡುತ್ತ ಓಡಬಹುದಾದಷ್ಟು ನಿಧಾನ. ಎರಡು ಪಾಲು ಮಾತ್ರ ಬಲು ಬಿರುಸು. ನಡುವಿನ ವೇಗದಲ್ಲಿ, ಅತ್ತ ಹಗುರವೂ ಅಲ್ಲದೆ ಇತ್ತ ಕಠಿಣವೂ ಅಲ್ಲದೆ, ಅವರು ಹೆಚ್ಚು ಹೊತ್ತು ಕಳೆಯುತ್ತಿರಲಿಲ್ಲ.

ಕೆಲಸಕ್ಕೆ ಹೋಗುವ ಓಟಗಾರರು ಎಡವುವುದು ಇಲ್ಲೇ. ಸಿಕ್ಕಿದ್ದೇ ಮುಕ್ಕಾಲು ಗಂಟೆ. ಅದನ್ನು ನಿಧಾನ ಓಡಿ ಕಳೆದರೆ ದಂಡ ಎಂದುಕೊಂಡು ದಿನವೂ ಸ್ವಲ್ಪ ಜೋರಾಗಿಯೇ ಓಡುತ್ತಾರೆ. ನಿಧಾನದ ಓಟ ಕೊಡಬೇಕಾದ ಚೇತರಿಕೆ ಸಿಗುವುದಿಲ್ಲ. ಬಿರುಸಿನ ದಿನ ಬಂದಾಗ ಕಾಲು ಏಳುವುದಿಲ್ಲ. ತಿಂಗಳುಗಳ ನಂತರವೂ ವೇಗ ಇದ್ದಲ್ಲೇ ಇರುತ್ತದೆ, ದಣಿವು ಮಾತ್ರ ಹೆಚ್ಚಿರುತ್ತದೆ.

ಮಿದುಳು ದಣಿದರೆ ಕಾಲೂ ದಣಿಯುತ್ತದೆ

ಹಗಲೆಲ್ಲ ಕುರ್ಚಿಯಲ್ಲಿ ಕೂತವರ ಕಾಲಿಗೆ ದಣಿವೇಕೆ? 2009ರಲ್ಲಿ ವೇಲ್ಸ್‌ನ ಬ್ಯಾಂಗರ್ ವಿಶ್ವವಿದ್ಯಾಲಯದಲ್ಲಿದ್ದ ಸಾಮುಯೆಲೆ ಮಾರ್ಕೊರಾ ಇದಕ್ಕೆ ಉತ್ತರ ಹುಡುಕಿದರು. ಹದಿನಾರು ಜನರನ್ನು ಎರಡು ಬೇರೆ ಬೇರೆ ದಿನ ಕರೆಸಿದರು. ಒಂದು ದಿನ ಅವರು ತೊಂಬತ್ತು ನಿಮಿಷ ಕಂಪ್ಯೂಟರ್ ಪರದೆಯ ಮೇಲೆ ಮೂಡುವ ಅಕ್ಷರಗಳನ್ನು ಕಣ್ಣು ಕದಲಿಸದೆ ಗಮನಿಸಿ, ಸರಿಯಾದ ಗುಂಡಿ ಒತ್ತುತ್ತಿರಬೇಕು. ಇನ್ನೊಂದು ದಿನ ಅಷ್ಟೇ ಹೊತ್ತು ಸಾಕ್ಷ್ಯಚಿತ್ರ ನೋಡಬೇಕು. ಎರಡೂ ದಿನ, ಅದಾದ ಮೇಲೆ ಸೈಕಲ್ ಯಂತ್ರದ ಮೇಲೆ ಸಾಮರ್ಥ್ಯದ ಶೇ 80ರಷ್ಟು ಭಾರದಲ್ಲಿ ಸುಸ್ತಾಗಿ ನಿಲ್ಲುವವರೆಗೆ ತುಳಿತ.

ಸಾಕ್ಷ್ಯಚಿತ್ರ ನೋಡಿದ ದಿನ ಅವರು ಸರಾಸರಿ 754 ಸೆಕೆಂಡು ತುಳಿದರು. ಮಿದುಳಿಗೆ ಕೆಲಸ ಕೊಟ್ಟ ದಿನ 640 ಸೆಕೆಂಡಿಗೇ ನಿಂತರು, ಹತ್ತಿರ ಹತ್ತಿರ ಎರಡು ನಿಮಿಷ ಕಡಿಮೆ. ಹೃದಯ ಬಡಿತ, ಆಮ್ಲಜನಕ ಬಳಕೆ, ರಕ್ತದ ಲ್ಯಾಕ್ಟೇಟ್ ಯಾವುದರಲ್ಲೂ ಇದಕ್ಕೆ ಕಾರಣ ಸಿಗಲಿಲ್ಲ. ಬೇರೆಯಾಗಿದ್ದದ್ದು ಒಂದೇ: ದಣಿದ ಮಿದುಳಿಗೆ ಅದೇ ಭಾರ ಮೊದಲ ನಿಮಿಷದಿಂದಲೇ ಹೆಚ್ಚು ಕಷ್ಟ ಅನ್ನಿಸಿತ್ತು. ‘ಇನ್ನು ಆಗದು’ ಎಂಬ ಗೆರೆಯನ್ನು ಅವರು ಬೇಗ ಮುಟ್ಟಿದರು.

ದೀರ್ಘ ಮಾನಸಿಕ ದುಡಿಮೆಯಲ್ಲಿ ಮಿದುಳಿನ ಕೆಲವು ಭಾಗಗಳಲ್ಲಿ ಅಡಿನೋಸಿನ್ ಎಂಬ ವಸ್ತು ಶೇಖರವಾಗುತ್ತದೆ, ಪ್ರಯತ್ನ ಹೆಚ್ಚು ಭಾರವಾಗಿ ತೋರಲು ಅದೂ ಒಂದು ಕಾರಣವಿರಬಹುದು ಎಂಬುದು ಮಾರ್ಕೊರಾ ಮತ್ತು ಅವರ ಸಹೋದ್ಯೋಗಿಗಳ ಊಹೆ. ಕಾಫಿಯ ಕೆಫೀನ್ ಕೆಲಸ ಮಾಡುವುದು ಇದೇ ಅಡಿನೋಸಿನ್‌ನ ದಾರಿಗೆ ಅಡ್ಡ ನಿಂತು. 2022ರಲ್ಲಿ ಪ್ಯಾರಿಸ್ಸಿನ ವಿಜ್ಞಾನಿಗಳು ಆರು ಗಂಟೆಗೂ ಹೆಚ್ಚು ಕಾಲ ಕಠಿಣ ಮಾನಸಿಕ ಕೆಲಸ ಮಾಡಿದವರ ಮಿದುಳಿನ ಮುಂಭಾಗದಲ್ಲಿ ಗ್ಲುಟಮೇಟ್ ಹೆಚ್ಚಿದ್ದನ್ನು ತೋರಿಸಿದರು. ಮಾನಸಿಕ ದಣಿವು ಬರೀ ಬೇಸರವಲ್ಲ, ಮಿದುಳಿನಲ್ಲಿ ಅಳೆಯಬಹುದಾದ ಬದಲಾವಣೆ ಎಂಬುದಕ್ಕೆ ಇದು ಸಾಕ್ಷಿ.

ಆದ್ದರಿಂದ ದಿನವಿಡೀ ಸಭೆಗಳಲ್ಲಿ ತಲೆ ಬಿಸಿಯಾದ ಸಂಜೆ ಓಟ ಭಾರವಾದರೆ ಅದನ್ನು ಸೋಮಾರಿತನ ಎಂದು ಯಾರೂ ತಮ್ಮನ್ನು ತಾವು ಹಳಿದುಕೊಳ್ಳಬೇಕಿಲ್ಲ. ಸ್ನಾಯು ಸಿದ್ಧವಿದೆ, ಮಿದುಳು ಸಿದ್ಧವಿಲ್ಲ. ಬಿರುಸಿನ ತಾಲೀಮನ್ನು ಮಿದುಳು ದಣಿಯುವುದಕ್ಕೆ ಮುಂಚೆ, ಬೆಳಿಗ್ಗೆಯೇ ಮುಗಿಸುವುದು ಲೇಸು. ಸಂಜೆ ಬೇಕಿದ್ದರೆ ಹಗುರ ಓಟ.

ಎರಡು ಒತ್ತಡ, ಒಂದೇ ಊಟೆ

ಕೆನಡಾದ ಮಾಂಟ್ರಿಯಲ್‌ನಲ್ಲಿದ್ದ ಹ್ಯಾನ್ಸ್ ಸೆಲ್ಯೆ 1936ರಲ್ಲಿ ‘ನೇಚರ್’ ಪತ್ರಿಕೆಗೆ ಪುಟ್ಟದೊಂದು ಪತ್ರ ಬರೆದರು. ಇಲಿಗಳನ್ನು ಚಳಿಗೆ ಒಡ್ಡಿದರೂ, ಗಾಯ ಮಾಡಿದರೂ, ವಿಷ ಕೊಟ್ಟರೂ, ಮಿತಿಮೀರಿ ದುಡಿಸಿದರೂ ದೇಹದಲ್ಲಿ ಒಂದೇ ಬಗೆಯ ಬದಲಾವಣೆಗಳಾಗುತ್ತವೆ ಎಂದು ಅದರಲ್ಲಿತ್ತು. ಮೂತ್ರಪಿಂಡದ ಮೇಲಿನ ಅಡ್ರೀನಲ್ ಗ್ರಂಥಿ ಊದುತ್ತಿತ್ತು, ರೋಗನಿರೋಧಕ ಕೋಶಗಳನ್ನು ಬೆಳೆಸುವ ಥೈಮಸ್ ಕುಗ್ಗುತ್ತಿತ್ತು, ಜಠರದಲ್ಲಿ ಹುಣ್ಣಾಗುತ್ತಿತ್ತು. ಸ್ನಾಯುಗಳ ಅತಿಶ್ರಮ ಆ ಪಟ್ಟಿಯಲ್ಲಿ ಮೊದಲಿನಿಂದಲೂ ಇತ್ತು ಎಂಬುದನ್ನು ಕ್ರೀಡಾಪಟುಗಳು ನೆನಪಿಡಬೇಕು. ಎಲ್ಲ ಒತ್ತಡಕ್ಕೂ ದೇಹ ಒಂದೇ ರೀತಿ ಸ್ಪಂದಿಸುತ್ತದೆ ಎಂಬ ಸೆಲ್ಯೆಯವರ ಮಾತನ್ನು ಮುಂದಿನ ವಿಜ್ಞಾನಿಗಳು ತಿದ್ದಿದರು. ಆದರೆ 1993ರಲ್ಲಿ ಬ್ರೂಸ್ ಮೆಕ್ಯುಯೆನ್ ಮತ್ತು ಎಲಿಯಟ್ ಸ್ಟೆಲ್ಲರ್ ಬೇರೊಂದು ದಾರಿಯಿಂದ ಅದರ ಹತ್ತಿರಕ್ಕೇ ಬಂದರು. ಒತ್ತಡಗಳು ಎಲ್ಲಿಂದಲೇ ಬರಲಿ, ಅವುಗಳಿಗೆ ಹೊಂದಿಕೊಳ್ಳಲು ದೇಹ ತೆರುವ ಬೆಲೆ ಒಟ್ಟುಗೂಡುತ್ತ ಹೋಗುತ್ತದೆ, ಆ ಸವೆತ ರೋಗಕ್ಕೂ ದಾರಿಯಾಗುತ್ತದೆ ಎಂದು ಅವರು ತೋರಿಸಿದರು.

ಎರಡು ಹೊಲಗಳಿಗೆ ನೀರುಣಿಸುವ ಒಂದೇ ಬಾವಿಯಂತೆ ನಮ್ಮ ಚೇತರಿಕೆಯ ಶಕ್ತಿ. ಕಾಲುವೆ ಎಷ್ಟು ತೋಡಿದರೂ ಬಾವಿಯ ಊಟೆ ಹೆಚ್ಚುವುದಿಲ್ಲ.

ಇದಕ್ಕೆ ಪುರಾವೆ ಕ್ರೀಡಾಂಗಣದಿಂದಲೇ ಬಂದಿದೆ. ಅಮೆರಿಕದಲ್ಲಿ ಮ್ಯಾಥ್ಯೂ ಸ್ಟಲ್ಟ್ಸ್-ಕೊಲೆಹ್ಮೈನೆನ್ ಮತ್ತು ಸಂಗಡಿಗರು ಕಾಲೇಜು ವಿದ್ಯಾರ್ಥಿಗಳಿಗೆ ಕಾಲಿನ ಕಠಿಣ ವ್ಯಾಯಾಮ ಮಾಡಿಸಿ, ಮುಂದಿನ ನಾಲ್ಕು ದಿನ ಅವರ ಸ್ನಾಯುಬಲ ಹೇಗೆ ಮರಳುತ್ತದೆಂದು ನೋಡಿದರು. ಬದುಕಿನಲ್ಲಿ ಹೆಚ್ಚು ಒತ್ತಡವಿದ್ದವರು ಚೇತರಿಸಿಕೊಳ್ಳಲು ಹೆಚ್ಚು ಕಾಲ ತೆಗೆದುಕೊಂಡರು. ಎಲ್ಲರ ವ್ಯಾಯಾಮವೂ ಒಂದೇ, ವ್ಯತ್ಯಾಸ ಇದ್ದದ್ದು ಮನಸ್ಸಿನ ಮೇಲಿನ ಹೊರೆಯಲ್ಲಿ. ಮಿಸೌರಿ ವಿಶ್ವವಿದ್ಯಾಲಯದ ಫುಟ್‌ಬಾಲ್ ಆಟಗಾರರನ್ನು ಒಂದು ಋತುವಿನುದ್ದಕ್ಕೂ ಗಮನಿಸಿದಾಗ, ಪರೀಕ್ಷೆಗಳ ವಾರಗಳಲ್ಲಿ ಅವರಿಗೆ ಗಾಯಗಳಾಗುವ ಸಂಭವ ಏರಿತ್ತು. ಮೇಲಧಿಕಾರಿಯ ಜೊತೆ ಜಟಾಪಟಿಯಾದ ವಾರ, ಮನೆಯಲ್ಲಿ ಕಾಯಿಲೆ ಬಿದ್ದವರಿದ್ದ ವಾರ ಹೊಸ ದೂರ, ಹೊಸ ವೇಗ ಪ್ರಯತ್ನಿಸಬಾರದು ಎಂಬುದು ಇದರಿಂದ ಕಲಿಯಬೇಕಾದ ಪಾಠ.

ನಿದ್ದೆ, ಅನ್ನ

ಎರಡು ದುಡಿಮೆ ಮಾಡುವವರು ಹೊತ್ತು ಹೊಂದಿಸಲು ಮೊದಲು ಕದಿಯುವುದು ನಿದ್ದೆಯನ್ನು. ಪೆನ್ಸಿಲ್ವೇನಿಯ ವಿಶ್ವವಿದ್ಯಾಲಯದಲ್ಲಿ ಹ್ಯಾನ್ಸ್ ವ್ಯಾನ್ ಡಾಂಗೆನ್, ಡೇವಿಡ್ ಡಿಂಜಸ್ ಮತ್ತು ಸಂಗಡಿಗರು ನಡೆಸಿ 2003ರಲ್ಲಿ ಪ್ರಕಟಿಸಿದ ಅಧ್ಯಯನ ಈ ಕಳ್ಳತನದ ಫಲವನ್ನು ತೋರಿಸಿತು. ಎರಡು ವಾರ ಸತತವಾಗಿ ರಾತ್ರಿಗೆ ಆರು ಗಂಟೆ ಅಥವಾ ಅದಕ್ಕೂ ಕಡಿಮೆ ಮಲಗಿದವರ ಗಮನ, ಚುರುಕು ಒಂದೆರಡು ರಾತ್ರಿ ಕಣ್ಣೇ ಮುಚ್ಚದವರ ಮಟ್ಟಕ್ಕೆ ಕುಸಿದಿತ್ತು. ಅದಕ್ಕಿಂತ ಅಪಾಯಕಾರಿ ಸಂಗತಿಯೆಂದರೆ, ತಾವು ಇಷ್ಟು ಕುಸಿದಿದ್ದೇವೆ ಎಂಬ ಅರಿವು ಅವರಿಗಿರಲಿಲ್ಲ. ಅಷ್ಟೊಂದು ನಿದ್ದೆ ಬರುತ್ತಿದೆ ಎಂದೂ ಅನ್ನಿಸಿರಲಿಲ್ಲ. “ನನಗೆ ಐದು ಗಂಟೆ ನಿದ್ದೆ ಸಾಕು” ಎನ್ನುವವರ ಮಾತನ್ನು ಈ ಹಿನ್ನೆಲೆಯಲ್ಲಿ ಕೇಳಬೇಕು.

ರಾತ್ರಿಯ ಗಾಢ ನಿದ್ದೆಯ ಹೊತ್ತಿನಲ್ಲೇ ಬೆಳವಣಿಗೆಯ ಹಾರ್ಮೋನು ಅತಿ ಹೆಚ್ಚು ಸ್ರವಿಸುತ್ತದೆ. ನಸುಕಿಗೆ ಓಡಲೇಬೇಕೆಂದರೆ ರಾತ್ರಿ ಬೇಗ ಮಲಗಬೇಕು, ಬೇರೆ ದಾರಿಯಿಲ್ಲ. ಬೆಂಗಳೂರಿನ ಎಷ್ಟೋ ಕಂಪನಿಗಳಲ್ಲಿ ಅಮೆರಿಕದ ಹಗಲಿಗೆ ಹೊಂದಿಕೊಂಡು ರಾತ್ರಿ ಹತ್ತು-ಹನ್ನೊಂದರವರೆಗೆ ಕರೆಗಳು ನಡೆಯುತ್ತವೆ. ಹಾಗೆ ದುಡಿದವರು ಬೆಳಿಗ್ಗೆ ಐದಕ್ಕೆ ಬೂಟು ಕಟ್ಟಿ ಕಬ್ಬನ್ ಪಾರ್ಕಿಗೆ ಹೊರಟರೆ ಅದನ್ನು ಶಿಸ್ತು ಎನ್ನಲಾಗದು. ಅಂಥ ದಿನ ಒಂದು ಗಂಟೆ ಹೆಚ್ಚು ಮಲಗಿ, ಓಟವನ್ನು ಬಿಡುವುದೇ ಒಳ್ಳೆಯ ತಾಲೀಮು.

ಇನ್ನು ಊಟ. ಬೆಳಿಗ್ಗೆ ಓಡಿ, ಬಸ್ಸು ಹಿಡಿಯುವ ಅವಸರದಲ್ಲಿ ತಿಂಡಿ ಬಿಟ್ಟು, ಮಧ್ಯಾಹ್ನ ಸಭೆಗಳ ನಡುವೆ ಏನನ್ನೋ ಬಾಯಿಗೆ ಹಾಕಿಕೊಳ್ಳುವವರ ದೇಹಕ್ಕೆ ದಿನದ ಲೆಕ್ಕದಲ್ಲಿ ಶಕ್ತಿ ಸಾಲದೆ ಹೋಗುತ್ತದೆ. ಈ ಕೊರತೆ ತಿಂಗಳುಗಟ್ಟಲೆ ಮುಂದುವರಿದಾಗ ಆಗುವ ಹಾನಿಗಳನ್ನು ಅಂತಾರಾಷ್ಟ್ರೀಯ ಒಲಿಂಪಿಕ್ ಸಮಿತಿಯ ತಜ್ಞರು 2014ರಲ್ಲಿ ಪಟ್ಟಿ ಮಾಡಿದರು. ಹಾರ್ಮೋನುಗಳು ಏರುಪೇರಾಗುತ್ತವೆ, ಮೂಳೆ ತೆಳುವಾಗುತ್ತದೆ, ರೋಗನಿರೋಧಕ ಶಕ್ತಿ ತಗ್ಗುತ್ತದೆ, ಹೆಂಗಸರಿಗೆ ಮುಟ್ಟು ನಿಲ್ಲಬಹುದು. ಗಂಡಸರೂ ಇದಕ್ಕೆ ಹೊರತಲ್ಲ. ತೂಕ ಇಳಿದ ಸಂತೋಷದಲ್ಲಿ ಇದು ಕಣ್ಣಿಗೆ ಬೀಳದೆ ಹೋಗುತ್ತದೆ. ಓಟ ಮುಗಿದೊಡನೆ ಇಡ್ಲಿಯೋ ಮುದ್ದೆಯೋ ಅನ್ನ-ಸಾರೋ ಹೊಟ್ಟೆತುಂಬ ಉಣ್ಣುವುದು ತಾಲೀಮಿನ ಭಾಗವೇ.

ವೃತ್ತಿ ಕೊಡುವ ಬಲ

ಇಷ್ಟು ಹೊತ್ತು ವೃತ್ತಿಯನ್ನು ಹೊರೆಯೆಂದೇ ನೋಡಿದೆವು. ಅದು ಕೊಡುವ ಬಲವೂ ದೊಡ್ಡದು.

ಆಸ್ಟ್ರಿಯದ ಆನಾ ಕೀಸೆನ್‌ಹೋಫರ್ ಗಣಿತಜ್ಞೆ. ವಿಯೆನ್ನಾ, ಕೇಂಬ್ರಿಡ್ಜ್‌ಗಳಲ್ಲಿ ಓದಿ, ಬಾರ್ಸಿಲೋನಾದಲ್ಲಿ ಪಿಎಚ್.ಡಿ. ಮಾಡಿ, ಸ್ವಿಟ್ಜರ್ಲೆಂಡಿನ ಲೊಸಾನ್‌ನ ತಾಂತ್ರಿಕ ವಿಶ್ವವಿದ್ಯಾಲಯದಲ್ಲಿ ಸಂಶೋಧನೆ, ಬೋಧನೆಗೆ ಸೇರಿದವರು. 2017ರಲ್ಲಿ ವೃತ್ತಿಪರ ಸೈಕಲ್ ತಂಡವೊಂದಕ್ಕೆ ಸೇರಿ ಬೇಗನೆ ಹೊರಬಂದರು. ಆಮೇಲೆ ತರಬೇತಿಯ ಯೋಜನೆ, ಆಹಾರ, ಸಲಕರಣೆ ಎಲ್ಲವನ್ನೂ ತಾವೇ ಲೆಕ್ಕ ಹಾಕಿ ನಡೆಸಿದರು. ಜಪಾನಿನ ಬೇಸಗೆಯ ಸೆಕೆಗೆ ಮೈಯನ್ನು ಒಗ್ಗಿಸಿಕೊಳ್ಳುವ ವಿಧಾನವನ್ನೂ ಅಧ್ಯಯನ ಮಾಡಿ ಅಳವಡಿಸಿಕೊಂಡರು.

2021ರ ಜುಲೈ 25ರಂದು ಟೋಕಿಯೊ ಒಲಿಂಪಿಕ್ಸಿನ 137 ಕಿಲೊಮೀಟರ್ ರಸ್ತೆ ಸೈಕಲ್ ಸ್ಪರ್ಧೆಯಲ್ಲಿ ಅವರು ಆರಂಭದ ಕ್ಷಣದಲ್ಲೇ ಮುನ್ನುಗ್ಗಿದರು. ಕೊನೆಯ ನಲವತ್ತು ಕಿಲೊಮೀಟರು ಒಬ್ಬರೇ ತುಳಿದರು. ಹಿಂದಿನ ಗುಂಪಿನ ಘಟಾನುಘಟಿಗಳಿಗೆ ಮುಂದೆ ಇನ್ನೊಬ್ಬರಿದ್ದಾರೆ ಎಂಬುದೇ ಗೊತ್ತಾಗಲಿಲ್ಲ. ಒಲಿಂಪಿಕ್ಸಿನಲ್ಲಿ ಕಿವಿಗೆ ಸುದ್ದಿ ಮುಟ್ಟಿಸುವ ರೇಡಿಯೊ ಬಳಸುವಂತಿಲ್ಲ. ನೆದರ್ಲೆಂಡ್ಸಿನ ಆನೆಮೀಕ್ ವಾನ್ ಫ್ಲೂಟೆನ್ ತಾವೇ ಗೆದ್ದೆನೆಂದು ಕೈ ಎತ್ತಿಕೊಂಡೇ ಗುರಿ ಮುಟ್ಟಿದರು. ಅದಕ್ಕೆ ಒಂದೂಕಾಲು ನಿಮಿಷ ಮುಂಚೆಯೇ ಕೀಸೆನ್‌ಹೋಫರ್ ಚಿನ್ನ ಗೆದ್ದಾಗಿತ್ತು. ಸಮಸ್ಯೆಯನ್ನು ಬಿಡಿಸಿ ನೋಡುವುದು, ಯಾರದೋ ಮಾತನ್ನು ಪರೀಕ್ಷಿಸದೆ ಒಪ್ಪದಿರುವುದು ಅವರ ಗಣಿತ ಕಲಿಸಿದ ಅಭ್ಯಾಸ. ಅದು ಸೈಕಲ್ಲಿನ ಮೇಲೂ ಫಲ ಕೊಟ್ಟಿತು.

1954ರ ಮೇ 6ರಂದು ಆಕ್ಸ್‌ಫರ್ಡಿನಲ್ಲಿ ಒಂದು ಮೈಲಿಯನ್ನು 3 ನಿಮಿಷ 59.4 ಸೆಕೆಂಡಿಗೆ ಓಡಿ, ನಾಲ್ಕು ನಿಮಿಷದ ಗೆರೆಯನ್ನು ಮೊದಲು ದಾಟಿದ ರೋಜರ್ ಬ್ಯಾನಿಸ್ಟರ್ ಲಂಡನ್ನಿನ ಸೇಂಟ್ ಮೇರೀಸ್ ಆಸ್ಪತ್ರೆಯಲ್ಲಿ ವೈದ್ಯಕೀಯ ವಿದ್ಯಾರ್ಥಿ. ಅಂದು ಬೆಳಿಗ್ಗೆಯೂ ಆಸ್ಪತ್ರೆಗೆ ಹೋಗಿಯೇ ರೈಲು ಹತ್ತಿದವರು. ಊಟದ ಬಿಡುವಿನಲ್ಲಿ ಅವರ ತಾಲೀಮು: 440 ಗಜದ ಹತ್ತು ಬಿರುಸು ಓಟ, ನಡುನಡುವೆ ಎರಡು ನಿಮಿಷ ವಿಶ್ರಾಂತಿ. ಆ ವರ್ಷ ಒಂದು ಹಂತದಲ್ಲಿ ಪ್ರತಿ ಓಟ 61 ಸೆಕೆಂಡಿಗೆ ಬಂದು ನಿಂತುಬಿಟ್ಟಿತು, ಎಷ್ಟು ತಿಣುಕಿದರೂ ಇಳಿಯಲಿಲ್ಲ. ಬ್ಯಾನಿಸ್ಟರ್ ಓಟ ನಿಲ್ಲಿಸಿ ಗೆಳೆಯ ಕ್ರಿಸ್ ಬ್ರಾಶರ್ ಜೊತೆ ಕೆಲವು ದಿನ ಸ್ಕಾಟ್ಲೆಂಡಿನ ಬೆಟ್ಟ ಹತ್ತಲು ಹೋದರು. ಮರಳಿ ಬಂದು ಓಡಿದಾಗ 59 ಸೆಕೆಂಡು. ಹೊಸ ತಾಲೀಮೇನೂ ನಡೆದಿರಲಿಲ್ಲ. ಆಗಲೇ ಮಾಡಿದ್ದ ತಾಲೀಮಿಗೆ ಫಲ ಕೊಡಲು ಪುರುಸೊತ್ತು ಸಿಕ್ಕಿತ್ತು. ಮುಂದೆ ಅವರು ನರರೋಗ ತಜ್ಞರಾಗಿ, ಎದೆಬಡಿತ, ರಕ್ತದೊತ್ತಡಗಳನ್ನು ನಮ್ಮ ಅರಿವಿಲ್ಲದೆ ನಿಭಾಯಿಸುವ ಸ್ವಾಯತ್ತ ನರವ್ಯೂಹದ ಮೇಲೆ ಹೆಸರು ಪಡೆದರು. ಓಟದ ದಾಖಲೆಗಿಂತ ವೈದ್ಯವೃತ್ತಿಯ ಕೆಲಸವೇ ತಮಗೆ ಹೆಚ್ಚಿನದು ಎಂದು ಕೊನೆಯವರೆಗೂ ಹೇಳಿದರು.

ಗುಮಾಸ್ತನ ಲೆಕ್ಕಾಚಾರ

ಕವಾವುಚಿಯವರ ದಿನಚರಿಯನ್ನು ಈ ವಿಜ್ಞಾನದ ಬೆಳಕಿನಲ್ಲಿ ನೋಡಿದರೆ ಅದರ ಜಾಣ್ಮೆ ಗೊತ್ತಾಗುತ್ತದೆ. ಜಪಾನಿನಲ್ಲಿ ಅಗ್ರ ಓಟಗಾರರನ್ನು ಕಂಪನಿಗಳೇ ಸಾಕುತ್ತವೆ. ತಂಡ, ತರಬೇತುದಾರ, ಶಿಬಿರ, ದಿನಕ್ಕೆ ಎರಡು ತಾಲೀಮು ಅಲ್ಲಿನ ಪದ್ಧತಿ. ಕವಾವುಚಿಗೆ ಇದಾವುದೂ ಇರಲಿಲ್ಲ. ವರ್ಷಗಳ ಕಾಲ ಮಧ್ಯಾಹ್ನದಿಂದ ರಾತ್ರಿ ಒಂಬತ್ತರವರೆಗೆ ಅವರ ಪಾಳಿ. ಆದ್ದರಿಂದ ಬೆಳಿಗ್ಗೆ, ತಲೆ ಹಗುರವಿದ್ದಾಗ, ದಿನಕ್ಕೆ ಒಂದೇ ಓಟ. ವಾರದ ಹೆಚ್ಚಿನ ದಿನ ನಿಧಾನ, ಒಂದೆರಡು ದಿನ ಬಿರುಸು. ತಿಂಗಳಿಗೆ ಸುಮಾರು 600 ಕಿಲೊಮೀಟರು, ಕಂಪನಿ ಓಟಗಾರರಿಗಿಂತ ಎಷ್ಟೋ ಕಡಿಮೆ. ಒಟ್ಟಿಗೆ ಓಡಲು ಜೊತೆಗಾರರಿಲ್ಲದ ಕೊರತೆಯನ್ನು ವಾರಾಂತ್ಯದ ಸ್ಪರ್ಧೆಗಳಿಂದ ತುಂಬಿಕೊಂಡರು. ಬೇರೆಯವರು ವರ್ಷಕ್ಕೆ ಎರಡು ಮ್ಯಾರಥಾನ್ ಓಡಿದರೆ, ಅವರು ಸ್ಪರ್ಧೆಯನ್ನೇ ತಾಲೀಮು ಮಾಡಿಕೊಂಡು ಮೇಲಿಂದ ಮೇಲೆ ಓಡಿದರು. 2018ರ ಹೊಸವರ್ಷದ ದಿನ ಮ್ಯಾಸಚೂಸೆಟ್ಸಿನ ಮಾರ್ಷ್‌ಫೀಲ್ಡ್‌ನಲ್ಲಿ, ನೀರು ಹೆಪ್ಪುಗಟ್ಟುವ ಚಳಿಯಲ್ಲಿ, 2 ಗಂಟೆ 18 ನಿಮಿಷ 59 ಸೆಕೆಂಡಿಗೆ ಮ್ಯಾರಥಾನ್ ಮುಗಿಸಿದ್ದರು. ಮೂರೂವರೆ ತಿಂಗಳ ನಂತರದ ಬಾಸ್ಟನ್ ಮಳೆ ಅವರಿಗೆ ಹೊಸದಾಗಿರಲಿಲ್ಲ.

ಈ ಕತೆಯ ಮುಂದಿನ ಭಾಗವನ್ನೂ ಪ್ರಾಮಾಣಿಕವಾಗಿ ಹೇಳಬೇಕು. 2019ರಲ್ಲಿ ಅವರು ಸರಕಾರಿ ಕೆಲಸ ಬಿಟ್ಟು ವೃತ್ತಿಪರರಾದರು. 2021ರಲ್ಲಿ, ಮೂವತ್ತಮೂರನೆಯ ವಯಸ್ಸಿನಲ್ಲಿ, 2 ಗಂಟೆ 7 ನಿಮಿಷ 27 ಸೆಕೆಂಡಿಗೆ ಓಡಿ ತಮ್ಮ ಜೀವಮಾನದ ಶ್ರೇಷ್ಠ ವೇಳೆ ದಾಖಲಿಸಿದರು. ಉದ್ಯೋಗ ಬಿಟ್ಟದ್ದೊಂದೇ ಅದಕ್ಕೆ ಕಾರಣ ಎನ್ನಲಾಗದು, ಓಟದ ಬೂಟುಗಳೂ ಆ ವರ್ಷಗಳಲ್ಲಿ ಬಹಳ ಸುಧಾರಿಸಿದವು. ಆದರೂ ವಿಶ್ರಾಂತಿಯೇ ಉದ್ಯೋಗದ ಭಾಗವಾಗಿರುವವರಿಗೆ ಮೇಲುಗೈ ಇದ್ದೇ ಇದೆ. ದುಡಿಯುತ್ತಲೇ ಬಹಳ ದೂರ ಹೋಗಬಹುದು, ಆದರೆ ಅದಕ್ಕೊಂದು ಮಿತಿಯಿದೆ. ಮಿತಿಯನ್ನು ಒಪ್ಪಿಕೊಂಡವರೇ ಹೆಚ್ಚು ವರ್ಷ ಓಡುತ್ತಾರೆ.

ನಮ್ಮ ಓಟಗಾರರಿಗೆ

ಬೆಂಗಳೂರಿನಲ್ಲಿ ಪ್ರತಿವರ್ಷ ನಡೆಯುವ ಹತ್ತು ಕಿಲೊಮೀಟರ್ ಓಟಕ್ಕೆ, ಶ್ರೀರಂಗಪಟ್ಟಣದ ಬಳಿ ನಾಲೆಯ ದಂಡೆಯಲ್ಲಿ ನಡೆಯುವ ಕಾವೇರಿ ಟ್ರೇಲ್ ಮ್ಯಾರಥಾನಿಗೆ, 200 ಕಿಲೊಮೀಟರನ್ನು ಹದಿಮೂರೂವರೆ ಗಂಟೆಯೊಳಗೆ ಮುಗಿಸಬೇಕಾದ ಬ್ರೆವೆ ಸೈಕಲ್ ಸವಾರಿಗೆ ಬರುವವರಲ್ಲಿ ಬಹುಪಾಲು ಜನ ಉದ್ಯೋಗಸ್ಥರೇ. ಅವರಿಗೆ ಉಪಯೋಗಕ್ಕೆ ಬರುವ ಸುಲಭದ ಅಳತೆಯೊಂದನ್ನು ಅಮೆರಿಕದ ಕಾರ್ಲ್ ಫಾಸ್ಟರ್ ರೂಪಿಸಿದ್ದಾರೆ. ತಾಲೀಮು ಮುಗಿದ ಅರ್ಧ ಗಂಟೆಗೆ, ಅದು ಎಷ್ಟು ಕಷ್ಟವಾಯಿತೆಂದು ಹತ್ತಕ್ಕೆ ಅಂಕ ಕೊಟ್ಟುಕೊಂಡು, ಆ ಅಂಕವನ್ನು ತಾಲೀಮಿನ ನಿಮಿಷಗಳಿಂದ ಗುಣಿಸಬೇಕು. ಒಂದು ಗಂಟೆಯ ಓಟ ನಾಲ್ಕರಷ್ಟು ಕಷ್ಟವೆನ್ನಿಸಿದರೆ ಹೊರೆ 240. ಅದೇ ದಾರಿ, ಅದೇ ವೇಗ, ಕಚೇರಿಯಲ್ಲಿ ಬಳಲಿದ ದಿನ ಆರರಷ್ಟು ಅನ್ನಿಸಿದರೆ 360. ಕೈಗಡಿಯಾರ ಎರಡನ್ನೂ ಒಂದೇ ಓಟ ಎನ್ನುತ್ತದೆ. ದೇಹ ಹಾಗೆನ್ನುವುದಿಲ್ಲ. ವಾರದ ಮೊತ್ತ ತಟ್ಟನೆ ಏರಿದರೆ, ಬೆಳಿಗ್ಗೆ ಏಳುವಾಗಿನ ನಾಡಿಬಡಿತ ಎಂದಿಗಿಂತ ಹೆಚ್ಚಿದ್ದರೆ, ಕಾರಣವಿಲ್ಲದೆ ಸಿಡುಕು ಬರುತ್ತಿದ್ದರೆ ಎರಡು ದಿನ ಬಿಡುವು ತೆಗೆದುಕೊಳ್ಳಿ. ಎದೆಯಲ್ಲಿ ನೋವು, ತಲೆಸುತ್ತು ಬಂದರೆ ಓಟ ನಿಲ್ಲಿಸಿ ವೈದ್ಯರ ಬಳಿ ಹೋಗಿ.

ಇನ್ನೊಂದು ದುಡಿಮೆಯ ಮಾತು ಹೇಳದೆ ಈ ಅಧ್ಯಾಯ ಮುಗಿಸುವಂತಿಲ್ಲ. 2019ರ ರಾಷ್ಟ್ರೀಯ ಸಮಯ ಬಳಕೆ ಸಮೀಕ್ಷೆಯ ಪ್ರಕಾರ ನಮ್ಮ ದೇಶದಲ್ಲಿ ಸಂಬಳವಿಲ್ಲದ ಮನೆಗೆಲಸ ಮಾಡುವ ಹೆಂಗಸರು ಅದಕ್ಕೆ ದಿನಕ್ಕೆ 299 ನಿಮಿಷ ಕೊಡುತ್ತಿದ್ದರು, ಗಂಡಸರು 97 ನಿಮಿಷ. ಉದ್ಯೋಗವೂ ಓಟವೂ ಇರುವ ಹೆಣ್ಣಿಗೆ ಮೈ ಒಂದು, ದುಡಿಮೆ ಮೂರು. ಅವಳ ಚೇತರಿಕೆಯ ಹೊತ್ತನ್ನು ತಿನ್ನುವುದು ಕಚೇರಿಯೊಂದೇ ಅಲ್ಲ. ಅಡುಗೆಮನೆಯ ಪಾಲು ಹಂಚಿಕೊಳ್ಳದೆ “ನೀನೂ ಓಡು” ಎಂದರೆ ಆ ಪ್ರೋತ್ಸಾಹಕ್ಕೆ ಅರ್ಥವಿಲ್ಲ. ಓಟಕ್ಕೆ ನೋಂದಣಿ ಶುಲ್ಕ ಕೊಟ್ಟು, ಕಂಪನಿಯ ಹೆಸರಿರುವ ಅಂಗಿ ಹಂಚುವ ಸಂಸ್ಥೆಗಳು ರಾತ್ರಿಯ ಕರೆಗಳನ್ನು ಕಡಿಮೆ ಮಾಡಿದರೆ ತಮ್ಮ ನೌಕರರಿಗೆ ಅದಕ್ಕಿಂತ ದೊಡ್ಡ ಉಪಕಾರವಾಗುತ್ತದೆ.

ಕೆಲಸವನ್ನೂ ಕ್ರೀಡೆಯನ್ನೂ ಜೊತೆಗೆ ನಡೆಸುವುದು ಸಾಧ್ಯ, ಒಳ್ಳೆಯದು ಕೂಡ. ನಿಮ್ಮ ದಿನಚರಿಯಲ್ಲಿ ತಾಲೀಮಿಗೆ ಹೊತ್ತು ಗುರುತು ಹಾಕುವ ಮುಂಚೆ ನಿದ್ದೆಗೆ, ಊಟಕ್ಕೆ, ಬಿಡುವಿಗೆ ಗುರುತು ಹಾಕಿ. ಉಳಿದ ಹೊತ್ತಿನಲ್ಲಿ ಓಡಿ. ಅದು ಕಡಿಮೆ ಅನ್ನಿಸಿದರೂ ಸಾಕಾಗುತ್ತದೆ.